ಅಂಗಡಿಯ ಹೆಸರೂ ಪುಸ್ತಕದ ಹುರುಳೂ

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಕಳೆದ ಮಳೆಗಾಲದಲ್ಲಿ ನಮ್ಮ ಶಾಲೆಯ ಒಬ್ಬ ಕ್ರೈಸ್ತ ವಿದ್ಯಾರ್ಥಿಯ ತಂದೆಯವರು ನನ್ನ ಕೊಠಡಿಗೆ ಬಂದು, ಒಂದು ಚಿಕ್ಕ ಪುಸ್ತಕವನ್ನು ಮೇಜಿನ ಮೇಲಿಟ್ಟರು. ಅವರ ಅನುಮತಿ ಪಡೆದೇ ಆ ಸಂಗತಿಯನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಆ ಪುಸ್ತಕವನ್ನು ಪಟ್ಟಣವೊಂದರ ಕ್ರೈಸ್ತ ಪುಸ್ತಕದಂಗಡಿಯಲ್ಲಿ ಕೊಂಡು ಮಗನ ಕೈಗಿತ್ತವರು ಅವರೇ. ಬಾಗಿಲ ಮೇಲಿನ ಶಿಲುಬೆಯ ಗುರುತನ್ನು ನಂಬಿ ಒಳಗಿನ ಒಂದು ಪುಟವನ್ನೂ ತಿರುವಿ ನೋಡಿರಲಿಲ್ಲ. ನಿಜವಾದ ವಿಶ್ವಾಸವುಳ್ಳವರಿಗೆ ಔಷಧವೇ ಬೇಡ, ಔಷಧ ಸೇವನೆ ಅವಿಶ್ವಾಸದ ಗುರುತು ಎಂದು ಅದರಲ್ಲಿ ಬರೆದಿತ್ತು. ಹುಡುಗನು ಅದನ್ನು ತನ್ನ ಅಜ್ಜಿಗೆ ಓದಿ ಹೇಳಿದನು. ಮೊಮ್ಮಗನ ಮಾತನ್ನು ನಂಬಿದ ಆ ವೃದ್ಧೆ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ನುಂಗದೆ ದಿಂಬಿನ ಕೆಳಗೆ ಕೂಡಿಡುತ್ತ ಬಂದರು. ಕೆಲವು ದಿನಗಳ ಮೇಲೆ ಎಚ್ಚರದಪ್ಪಿ ಬಿದ್ದಾಗಲೇ ವಿಷಯ ಹೊರಬಿದ್ದಿತು. ದೈವಕೃಪೆಯಿಂದಲೂ ವೈದ್ಯರ ಶ್ರಮದಿಂದಲೂ ಅವರು ಬದುಕಿಕೊಂಡರು.

ಅವರ ಸಭೆಯ ಬೋಧಕರು, ಇದು ನಮ್ಮ ಉಪದೇಶವೇ ಅಲ್ಲವೆಂದರು. ಲೂಕನು ವೈದ್ಯನಾಗಿದ್ದನೆಂದು ಬೈಬಲೇ ಹೇಳುತ್ತದೆ. ವೆಲ್ಲೂರಿನ ಕ್ರೈಸ್ತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ಅರಿಯದವರು ನಮ್ಮಲ್ಲಿ ವಿರಳ. ತಂದೆಯವರು ಅಂಗಡಿಗೆ ಹೋಗಿ ಕೇಳಿದಾಗ, "ಗಿರಾಕಿಗಳು ಕೇಳುತ್ತಾರೆ, ತರಿಸುತ್ತೇವೆ. ಎಲ್ಲವನ್ನೂ ಓದಿ ನೋಡಲು ನಮಗೆ ಪುರಸತ್ತೆಲ್ಲಿ?" ಎಂಬ ಉತ್ತರ ದೊರೆಯಿತಂತೆ. "ಮೇಷ್ಟ್ರೇ, ನಮ್ಮವರ ಅಂಗಡಿಯಲ್ಲೇ ಹೀಗಾದರೆ ಯಾರನ್ನು ನಂಬೋಣ?" ಎಂದು ಅವರು ನನ್ನನ್ನು ಕೇಳಿದರು.

ಹಾಗಾದರೆ ಕ್ರೈಸ್ತರು ತಮ್ಮ ಮತಕ್ಕೆ ಒಪ್ಪುವ ಗ್ರಂಥಗಳನ್ನು ಮಾತ್ರವೇ ಅಚ್ಚುಹಾಕಿ ಮಾರಬೇಕೆ? ಹೌದೆಂದು ಅವಸರದಿಂದ ಹೇಳುವ ಮುನ್ನ ನಮ್ಮ ನುಡಿಯ ಚರಿತ್ರೆಯನ್ನು ನೆನೆಯಬೇಕು.

1841ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿದರು. ಅವರಲ್ಲೊಬ್ಬರಾದ ಹೆರ್ಮನ್ ಮೋಗ್ಲಿಂಗರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಮರುವರ್ಷ ಅದೇ ಪತ್ರಿಕೆ 'ಕನ್ನಡ ಸಮಾಚಾರ'ವೆಂಬ ಹೆಸರಿನಿಂದ ನಮ್ಮ ನೆರೆಯ ಬಳ್ಳಾರಿಯಲ್ಲಿ ಅಚ್ಚಾಯಿತು. 1848ರಿಂದ ಮೊದಲಾಗಿ ಮೋಗ್ಲಿಂಗರು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಎಂಬ ಮಾಲೆಯಲ್ಲಿ ಹಳೆಯ ಕನ್ನಡ ಗ್ರಂಥಗಳನ್ನು ಪ್ರಕಟಿಸಿದರು. ಕ್ಯಾಸಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು ಇದಕ್ಕೆ ಧನಸಹಾಯ ಮಾಡಿದರು. ಆ ಗ್ರಂಥಗಳಾವುವು? ಲಕ್ಷ್ಮೀಶನ ಜೈಮಿನಿ ಭಾರತ, ಭೀಮಕವಿಯ ಬಸವಪುರಾಣ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣ, ಹರಿದಾಸರ ಪದಗಳು! ಅನಂತರ ಬಂದ ಕಿಟ್ಟೆಲರು 1872ರಲ್ಲಿ ಜೈನ ಕವಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಅವರ ಮಹಾನಿಘಂಟು 1894ರಲ್ಲಿ ಅದೇ ಮಂಗಳೂರಿನಲ್ಲಿ ಅಚ್ಚಾಯಿತು.

ಕ್ರಿಸ್ತನನ್ನು ಸಾರಲೆಂದೇ ಬಂದವರು ಇವರು. ಶಿವಭಕ್ತಿ, ಹರಿಭಕ್ತಿಗಳನ್ನು ತಮ್ಮ ಮತವೆಂದು ಒಪ್ಪಿದವರಲ್ಲ. ಆದರೂ ಬಸವಪುರಾಣವನ್ನು ಬಸವಪುರಾಣವೆಂದೇ, ದಾಸರ ಪದವನ್ನು ದಾಸರ ಪದವೆಂದೇ ಜನರ ಮುಂದಿಟ್ಟರು. ಕೊಳ್ಳುವವನಿಗೆ ತಾನು ಕೊಳ್ಳುವುದೇನೆಂದು ತಿಳಿದಿತ್ತು.

ಈಗ ಆ ತಂದೆಯವರ ಪ್ರಶ್ನೆಗೆ ಉತ್ತರ ದೊರೆಯುತ್ತದೆ. ತನಗೊಪ್ಪದ ಗ್ರಂಥವನ್ನು ಅದರ ಹೆಸರಿನಿಂದಲೇ ಕೊಡುವುದು ಒಂದು. ತನಗೊಪ್ಪದ ಉಪದೇಶವನ್ನು ತನ್ನದೇ ಎಂಬ ಭ್ರಾಂತಿ ಹುಟ್ಟಿಸಿ ಮಾರುವುದು ಮತ್ತೊಂದು. ಅಕ್ಕಿಯ ಪಕ್ಕದಲ್ಲಿ ರಾಗಿಯನ್ನಿಟ್ಟು ಮಾರಿದರೆ ಯಾರೂ ತಪ್ಪೆನ್ನರು. ಅಕ್ಕಿಯಲ್ಲಿ ಕಲ್ಲು ಬೆರೆಸಿದರೆ ತಪ್ಪು. ಶಿಲುಬೆಯ ಗುರುತಿನಿಂದ ಗಿರಾಕಿಯ ನಂಬಿಕೆಯನ್ನು ಸಂಪಾದಿಸಿದ ಅಂಗಡಿಗೆ, ಆ ನಂಬಿಕೆಗೆ ತಕ್ಕ ಹೊಣೆಯೂ ಉಂಟು. ಓದಲು ಪುರಸತ್ತಿಲ್ಲವೆಂಬುದು ಉತ್ತರವಾಗದು. ಈ ಮಾತು ಕ್ರೈಸ್ತರಿಗೆ ಮಾತ್ರವಲ್ಲ, ಯಾವ ಮತದ ಹೆಸರಿನಲ್ಲಿ ಪುಸ್ತಕ ಮಾರುವವರಿಗೂ ಸಲ್ಲುತ್ತದೆ.

ಗಡಿನಾಡಿನ ನಮಗೆ ಇದರಲ್ಲಿ ಇನ್ನೊಂದು ಕಷ್ಟವುಂಟು. 1953ರಲ್ಲಿ ಆಂಧ್ರ ರಾಜ್ಯವಾದಾಗ ರಾಯದುರ್ಗವು ಬಳ್ಳಾರಿ ಜಿಲ್ಲೆಯಿಂದ ಅನಂತಪುರ ಜಿಲ್ಲೆಗೆ ಬಂದಿತು. ಅನಂತಪುರದಲ್ಲಿದ್ದ ಮಡಕಶಿರವು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆಗಳು ಬದಲಾದರೂ ಕನ್ನಡ ಪುಸ್ತಕಕ್ಕಾಗಿ ಬಳ್ಳಾರಿ, ಪಾವಗಡಗಳತ್ತ ಕಣ್ಣಿಡುವುದು ನಮಗೆ ತಪ್ಪಿಲ್ಲ. ಬರುವ ಪುಸ್ತಕಗಳೇ ಕೆಲವು. ಅನ್ಯಮತದ್ದೆಂದು ಒಂದೊಂದನ್ನೇ ಹೊರಗಿಡುತ್ತ ಹೋದರೆ ಮಕ್ಕಳ ಕೈಯಲ್ಲಿ ಉಳಿಯುವುದೇನು? ಆದುದರಿಂದ ಪುಸ್ತಕವನ್ನು ದೂರವಿಡುವುದಕ್ಕಿಂತ ಅದನ್ನು ಗುರುತಿಸುವುದನ್ನು ಕಲಿಯೋಣ.

ಪೋಷಕ ಮಹಾಶಯರೆ, ಮಗುವಿನ ಕೈಗೆ ಪುಸ್ತಕವನ್ನು ಕೊಡುವ ಮುನ್ನ ನಾಲ್ಕು ಪುಟಗಳನ್ನಾದರೂ ಓದಿರಿ. ಅಕ್ಷರ ಬಾರದವರು ಮಗುವಿನಿಂದಲೇ ಓದಿಸಿ ಕೇಳಿರಿ. ವಿದ್ಯಾರ್ಥಿಗಳೆ, ಅಚ್ಚಾದುದೆಲ್ಲ ಸತ್ಯವಲ್ಲ. ಬರೆದವರು ಯಾರು, ಯಾರ ಪರವಾಗಿ ಬರೆದರು ಎಂದು ಮೊದಲು ಕೇಳಿರಿ. ದೇಹಕ್ಕಾಗಲಿ ಪರರಿಗಾಗಲಿ ಹಾನಿ ತರುವ ಮಾತು ಕಂಡರೆ ಹಿರಿಯರಿಗೆ ತೋರಿಸಿರಿ.

ಈ ವರ್ಷದಿಂದ ನಮ್ಮ ಪುಸ್ತಕ ಭಂಡಾರಕ್ಕೆ ದಾನವಾಗಿ ಬರುವ ಪ್ರತಿಯೊಂದು ಮತಗ್ರಂಥವನ್ನೂ ಒಬ್ಬರು ಓದಿ, ಅದು ಯಾವ ಪಂಗಡದ ಅಭಿಪ್ರಾಯವೆಂದು ಮೊದಲ ಹಾಳೆಯಲ್ಲಿ ಬರೆದಿಡುವ ಏರ್ಪಾಡಾಗಿದೆ. ಕ್ರೈಸ್ತ ಪುಸ್ತಕಗಳನ್ನು ಓದುವ ಕೆಲಸವನ್ನು ಆ ತಂದೆಯವರೇ ಸಂತೋಷದಿಂದ ವಹಿಸಿಕೊಂಡಿದ್ದಾರೆ.

ಆ ಹುಡುಗನು ಓದುವುದನ್ನು ಬಿಟ್ಟಿಲ್ಲ. ಈಗಲೂ ಪ್ರತಿ ಸಂಜೆ ಅಜ್ಜಿಗೆ ಸುವಾರ್ತೆಯನ್ನು ಓದಿ ಹೇಳುತ್ತಾನೆ; ಓದುವುದಕ್ಕೆ ಮುಂಚೆ ಮಾತ್ರೆಯನ್ನೂ ನೀರನ್ನೂ ತಂದುಕೊಡುತ್ತಾನೆ.