ತಡವಾಗಿ ಬಂದ ಕಿಡಿ

ಎಂಜಿನ್ನಿನ ವಿಷಯ ಮಾತನಾಡಲು ಕನ್ನಡದ ಮೇಷ್ಟ್ರಿಗೆ ಏನಧಿಕಾರವೆಂದು ನೀವು ಕೇಳಬಹುದು. ಅಧಿಕಾರವೇನೂ ಇಲ್ಲ, ಒಂದು ಋಣವಿದೆ. ಅದನ್ನು ಹೇಳಿಕೊಳ್ಳಲೆಂದೇ ಈ ಮಾತು.

ನಮ್ಮ ವಾಚನಾಲಯಕ್ಕೆ 1980ರ ದಶಕದ ಒಂದು ಪೆಟ್ರೋಲ್ ವ್ಯಾನಿತ್ತು. ವಾರಕ್ಕೆರಡು ಬಾರಿ ಅದು ಪುಸ್ತಕಗಳನ್ನು ಹೇರಿಕೊಂಡು ಹೆಬ್ರಿಯಿಂದ ಸೋಮೇಶ್ವರದ ಮಾರ್ಗವಾಗಿ ಆಗುಂಬೆಯ ಘಾಟಿಯೇರಿ, ಮೇಲಿನ ಹಳ್ಳಿಗಳನ್ನು ಸುತ್ತಿ ಬರುತ್ತಿತ್ತು. ಖರ್ಚಿನ ಲೆಕ್ಕ ನೋಡುವ ಹೊಣೆ ನನ್ನದು. 2016ರ ಮಳೆಗಾಲ ಕಳೆದ ಮೇಲೆ, ಲೀಟರಿಗೆ 14 ಕಿಲೋಮೀಟರು ಓಡುತ್ತಿದ್ದ ವ್ಯಾನು 10ಕ್ಕಿಳಿಯಿತು.

“ಏರಿನಲ್ಲಿ ಗಾಡಿ ಎಳೆಯುವುದಿಲ್ಲ ಸರ್, ಬಿಸಿಯೂ ಆಗ್ತದೆ. ಒಮ್ಮೆ ಟೈಮಿಂಗ್ ನೋಡಿಸುವ” ಎಂದು ಚಾಲಕ ಎರಡು ಮೂರು ಸಲ ಹೇಳಿದ. ನನಗದು ನೆಪವೆಂದು ತೋರಿತು. ಪೆಟ್ರೋಲು ಬೇರೆಲ್ಲಿಗೋ ಹೋಗುತ್ತಿದೆಯೆಂದು ಬಾಯಿಬಿಟ್ಟು ಅನ್ನಲಿಲ್ಲ. ಬಂಕಿನ ಚೀಟಿಗಳನ್ನು ಆತನ ಎದುರಿಗೇ ಎರಡೆರಡು ಬಾರಿ ಕೂಡಿಸಿ ನೋಡಿದೆ. ಅಷ್ಟೇ ಸಾಕಾಯಿತು. ತಿಂಗಳ ಕೊನೆಗೆ ಆತ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಟುಹೋದ.

ಹೊಸ ಚಾಲಕ ಬಂದ. ಲೆಕ್ಕ ಮಾತ್ರ 10ರಿಂದ ಮೇಲೇಳಲಿಲ್ಲ. ಆಗ ಒಬ್ಬ ಹಿರಿಯ ಮೆಕ್ಯಾನಿಕ್‌ನ ಬಳಿಗೆ ಹೋದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರುತ್ತ ಗಾಳಿ–ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಪ್ಲಗ್ಗು ಕಿಡಿ ಹೊತ್ತಿಸುತ್ತದೆ. ಉರಿ ಹರಡಲು ಕ್ಷಣಾಂಶವಾದರೂ ಬೇಕಲ್ಲವೆ? ಆದುದರಿಂದ ಪಿಸ್ಟನ್ ತುದಿ ಮುಟ್ಟುವ ತುಸು ಮುಂಚೆಯೇ ಕಿಡಿ ಬರಬೇಕು. ನಮ್ಮದು ಮೂರು ಸಿಲಿಂಡರಿನ ಗಾಡಿ. ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಸೆಕೆಂಡಿಗೆ 75 ಕಿಡಿ. ಪ್ರತಿಯೊಂದಕ್ಕೂ ಅದರದೇ ಮುಹೂರ್ತ. ಕಿಡಿ ತೀರ ಮುಂಚೆ ಬಂದರೆ ಏರಿನಲ್ಲಿ ಎಂಜಿನ್ ಟಕಟಕನೆ ಬಡಿದುಕೊಂಡು ದೂರು ಹೇಳುತ್ತದೆ. ತಡವಾಗಿ ಬಂದರೆ ಸದ್ದಿಲ್ಲ. ಪಿಸ್ಟನ್ ಆಗಲೇ ಕೆಳಗಿಳಿಯುತ್ತಿರುವುದರಿಂದ ಬಲವಾಗಬೇಕಾದದ್ದು ಬರಿಯ ಕಾವಾಗಿ ಹೋಗುತ್ತದೆ.

ಮೆಕ್ಯಾನಿಕ್ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ತೋರಿಸಿದರು. ಒಳಗಿನ ಸಿ.ಬಿ. ಪಾಯಿಂಟು ಬಿಟ್ಟುಕೊಂಡಾಗಲೇ ಕಿಡಿ ಹುಟ್ಟುವುದು. ಕ್ಯಾಮಿಗೆ ಉಜ್ಜುವ ಅದರ ಫೈಬರ್ ತುಂಡು ಸವೆದಿತ್ತು. ಸುಮಾರು 0.4 ಮಿಲಿಮೀಟರು ಇರಬೇಕಾದ ಸಂದು ಅದರರ್ಧಕ್ಕೆ ಇಳಿದಿತ್ತು. ಸಂದು ಕಿರಿದಾದಷ್ಟೂ ಪಾಯಿಂಟು ತಡವಾಗಿ ಬಿಡುತ್ತದೆ, ಕಿಡಿಯೂ ತಡವಾಗುತ್ತದೆ. ಅವರು ಹೊಸ ಪಾಯಿಂಟು ಹಾಕಿ, ಫೀಲರ್ ಗೇಜಿನಿಂದ ಸಂದನ್ನು ಅಳೆದರು. ಆಮೇಲೆಯೇ ಡಿಸ್ಟ್ರಿಬ್ಯೂಟರನ್ನು ತಿರುಗಿಸಿ ಗುರುತಿಗೆ ಕೂಡಿಸಿದರು. ಈ ಕ್ರಮ ತಪ್ಪುವಂತಿಲ್ಲ. ಸಂದನ್ನು ಮುಟ್ಟಿದೊಡನೆ ಟೈಮಿಂಗೂ ಬದಲಾಗುತ್ತದೆ. ಕೊನೆಗೆ ಟೈಮಿಂಗ್ ದೀಪ ಹಿಡಿದರು. ಮಿನುಗುವ ಆ ಬೆಳಕಿನಲ್ಲಿ, ಓಡುತ್ತಿದ್ದ ಚಕ್ರದ ಗುರುತು ನಿಂತಂತೆಯೇ ಕಂಡಿತು. ವೇಗ ಹೆಚ್ಚಿಸಿದಂತೆ ಮೆಲ್ಲನೆ ಜರುಗಿತು. ಜರುಗದಿದ್ದರೆ ಡಿಸ್ಟ್ರಿಬ್ಯೂಟರಿನೊಳಗಿನ ತೂಕದ ತುಂಡುಗಳು ಸಿಕ್ಕಿಕೊಂಡಿವೆಯೆಂದು ತಿಳಿಯಬೇಕಂತೆ.

ಕೈ ಒರೆಸಿಕೊಳ್ಳುತ್ತ ಅವರೆಂದರು: “ಪೆಟ್ರೋಲ್ ಎಲ್ಲಿಗೂ ಹೋಗ್ಲಿಲ್ಲ ಸರ್. ಇಲ್ಲೇ ಉರಿದದ್ದು.”

ನಾಲ್ಕು ದಶಕ ಹಳೆಗನ್ನಡದ ಪಾಠಾಂತರಗಳನ್ನು ತಿದ್ದಲು ಕಲಿಸಿದವನು ನಾನು. ಸಂಶಯ ಬಂದರೆ ಮೊದಲು ಮೂಲಪ್ರತಿಯನ್ನು ನೋಡಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಇಲ್ಲಿ ಯಂತ್ರದ ಮುಚ್ಚಳ ತೆಗೆಯುವ ಮೊದಲೇ ಮನುಷ್ಯನೊಬ್ಬನನ್ನು ತಿದ್ದಲು ಹೊರಟಿದ್ದೆ.

ಆ ಸಂಜೆಯೇ ಆತನ ಮನೆಗೆ ಹೋದೆ. ಆತ ಬೇರೊಂದು ಗಾಡಿಯ ಕೆಲಸ ಹಿಡಿದಿದ್ದ. ತಪ್ಪಾಯಿತೆಂಬ ನನ್ನ ಮಾತಿಗೆ ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಕ್ಯಾಮಿಗೆ ಗ್ರೀಸ್ ಹಚ್ಚಿದ್ದಾರಾ ಸರ್? ಇಲ್ಲದಿದ್ರೆ ಪುನಃ ಸವೀತದೆ” ಎಂದು ಕೇಳಿದ.

ಆತ ನಮ್ಮ ಕೆಲಸಕ್ಕೆ ಮರಳಿ ಬರಲಿಲ್ಲ. ವ್ಯಾನು ಮಾತ್ರ ಮುಂದಿನ ವಾರ ಆಗುಂಬೆಯ ತಿರುವುಗಳನ್ನು ಸಲೀಸಾಗಿ ಏರಿತು.