ಮಟ್ಟು ಫ್ರೆಂಚಿನದು, ಮಾತು ಇಂಗ್ಲಿಷಿನದು



ಆಪೆರಾ ಎಂದರೆ ಬಹುಪಾಲು ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕ. ಅದನ್ನು ಇನ್ನೊಂದು ಭಾಷೆಯಲ್ಲಿ ಆಡಿಸಲು ಅನುವಾದಿಸುವವನ ಪಾಡು ವಿಚಿತ್ರವಾದುದು. ಕಾದಂಬರಿಯ ಅನುವಾದಕ ಬೇಕೆನಿಸಿದರೆ ಒಂದು ವಾಕ್ಯವನ್ನು ಎರಡಾಗಿ ಒಡೆಯಬಹುದು. ಇವನಿಗೆ ಆ ಸ್ವಾತಂತ್ರ್ಯವಿಲ್ಲ. ಸಂಗೀತ ಆಗಲೇ ಸಿದ್ಧವಾಗಿದೆ, ಒಂದು ಸ್ವರವನ್ನೂ ಸುಲಭದಲ್ಲಿ ಕದಲಿಸುವಂತಿಲ್ಲ. ನಮ್ಮ ಸಿನಿಮಾ ಕವಿಗಳೂ ಮಟ್ಟಿಗೆ ತಕ್ಕಂತೆ ಸಾಹಿತ್ಯ ಬರೆಯುತ್ತಾರೆ, ನಿಜ. ಆದರೆ ಅವರು ಅರ್ಥವನ್ನು ಹೊಸದಾಗಿ ಕಟ್ಟಬಹುದು; ಇವನಿಗೆ ಅರ್ಥವೂ ಮೊದಲೇ ನಿಗದಿಯಾಗಿದೆ.

ಫ್ರೆಂಚಿನಲ್ಲಿ ಪ್ರೀತಿಗೆ ‘ಅಮೂರ್’ ಎನ್ನುತ್ತಾರೆ. ಎರಡು ಉಚ್ಚಾರಾಂಶ, ಒತ್ತು ಎರಡನೆಯದರ ಮೇಲೆ. ಜಾರ್ಜ್ ಬಿಜೆಯ ‘ಕಾರ್ಮೆನ್’ ಆಪೆರಾದ ಪ್ರಸಿದ್ಧ ‘ಹಬನೇರಾ’ ಹಾಡಿನಲ್ಲಿ ಈ ಪದ ಮತ್ತೆ ಮತ್ತೆ ಬರುತ್ತದೆ. ಇಂಗ್ಲಿಷಿನ ‘ಲವ್’ಗೆ ಇರುವುದು ಒಂದೇ ಉಚ್ಚಾರಾಂಶ. ಮಿಕ್ಕ ಸ್ವರಕ್ಕೆ ಏನು ಹಾಕುವುದು? ‘ಓ’ ಎಂದು ತುಂಬಿಸಿದರೆ ಪೇಲವ, ಬಿಟ್ಟರೆ ಸಂಗೀತ ಕುಂಟುತ್ತದೆ. ‘ಸದಾ’ ಎಂಬರ್ಥದ ‘ತೂಜೂರ್’ ಕೂಡ ಕೊನೆಯಲ್ಲೇ ಒತ್ತು ಬಯಸುವ ಪದ. ‘ಆಲ್‌ವೇಸ್’ ಎಂಬುದರ ಒತ್ತು ಮೊದಲಲ್ಲಿದೆ. ಆ ಸ್ವರಗಳಿಗೆ ಹಾಗೇ ಕೂರಿಸಿದರೆ ಗಾಯಕ ಇಂಗ್ಲಿಷ್ ಬಾರದವನಂತೆ ಕೇಳಿಸುತ್ತಾನೆ. ಇನ್ನು ‘ರೋಝ್’ ಎಂದು ಉಚ್ಚರಿಸುವ ಪದವನ್ನು ಫ್ರೆಂಚರು ಹಾಡುವಾಗ ‘ರೋ–ಝ’ ಎಂದು ಎರಡು ಸ್ವರಕ್ಕೆ ಎಳೆಯುತ್ತಾರೆ. ವ್ಯಂಜನದಲ್ಲಿ ಥಟ್ಟನೆ ನಿಲ್ಲುವ ಇಂಗ್ಲಿಷಿಗೆ ಈ ಬಾಲ ಸಿಕ್ಕುವುದು ಕಷ್ಟ. (ಪದಗಳೆಲ್ಲ ಬಹುಮಟ್ಟಿಗೆ ಸ್ವರದಲ್ಲೇ ಮುಗಿಯುವ ಕನ್ನಡಕ್ಕೆ ಈ ತೊಂದರೆ ಕಡಿಮೆ ಎಂದು ನನ್ನ ಅನಿಸಿಕೆ.)

ಇಷ್ಟೆಲ್ಲ ಪಡಿಪಾಟಲೇಕೆ, ಮೂಲದಲ್ಲೇ ಹಾಡಬಾರದೆ? ಹತ್ತೊಂಬತ್ತನೇ ಶತಮಾನದ ಲಂಡನ್ನಿನ ಶ್ರೀಮಂತರು ಮೂಲವನ್ನೂ ಕೇಳುತ್ತಿರಲಿಲ್ಲ! ಇಟಾಲಿಯನ್ನೇ ಆಗ ಪ್ರತಿಷ್ಠೆಯ ಭಾಷೆ. ‘ಕಾರ್ಮೆನ್’ 1878ರಲ್ಲಿ ಲಂಡನ್ನಿಗೆ ಬಂದದ್ದು ಇಟಾಲಿಯನ್ ವೇಷದಲ್ಲಿ. ಮರುವರ್ಷ ಕಾರ್ಲ್ ರೋಸಾ ಕಂಪನಿ ಅದನ್ನು ಇಂಗ್ಲಿಷಿನಲ್ಲಿ ಆಡಿತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ಕೂಡ 1883ರಲ್ಲಿ ಉದ್ಘಾಟನೆಯಾದದ್ದು ಗುನೊನ ಫ್ರೆಂಚ್ ಆಪೆರಾ ‘ಫೌಸ್ಟ್’ನಿಂದ, ಹಾಡಿದ್ದು ಮಾತ್ರ ಇಟಾಲಿಯನ್ನಿನಲ್ಲಿ.

ಈ ‘ಫೌಸ್ಟ್’ನದೇ ಒಂದು ಸ್ವಾರಸ್ಯವಿದೆ. ಪ್ಯಾರಿಸ್ಸಿನಲ್ಲಿ ಅದರ ಮೊದಲ ಪ್ರದರ್ಶನ 1859ರಲ್ಲಿ. 1864ರಲ್ಲಿ ಲಂಡನ್ನಿನಲ್ಲಿ ಇಂಗ್ಲಿಷ್ ಪ್ರಯೋಗ ನಡೆದಾಗ ನಾಯಕಿಯ ಅಣ್ಣ ವ್ಯಾಲೆಂಟೈನನ ಪಾತ್ರ ಚಾರ್ಲ್ಸ್ ಸ್ಯಾಂಟ್ಲಿಯದು. ಅಂಥ ಗಾಯಕನಿಗೆ ಹೇಳಿಕೊಳ್ಳುವಂಥ ಒಂದು ಹಾಡೂ ಇರಲಿಲ್ಲ. ಗುನೊ ತನ್ನ ಪೀಠಿಕಾ ಸಂಗೀತದಲ್ಲಿದ್ದ ರಾಗವನ್ನೇ ಎತ್ತಿ ಹಾಡಾಗಿಸಿದ. ಅನುವಾದಕ ಹೆನ್ರಿ ಚಾರ್ಲಿ ಇಂಗ್ಲಿಷ್ ಸಾಹಿತ್ಯ ಹೊಂದಿಸಿದ. ಯುದ್ಧಕ್ಕೆ ಹೊರಟ ಅಣ್ಣ ತಂಗಿಯನ್ನು ದೇವರಿಗೆ ಒಪ್ಪಿಸುವ ಈ ಹಾಡಿಗೆ ಫ್ರೆಂಚ್ ಮಾತು ಬಂದದ್ದು ಆಮೇಲೆ. ಈಗ ಜಗತ್ತಿನೆಲ್ಲೆಡೆ ಅದನ್ನು ಫ್ರೆಂಚಿನಲ್ಲೇ ಹಾಡುತ್ತಾರೆ. ಮೂಲವೇ ಶ್ರೇಷ್ಠ ಎನ್ನುವವರು ಇಲ್ಲಿ ಯಾವುದನ್ನು ಮೂಲವೆನ್ನುತ್ತಾರೋ!

ನಾನು ಇಂಗ್ಲಿಷಿನ ಪರ ನಿಲ್ಲುವುದಕ್ಕೆ ಕಾರಣ ‘ಕಾರ್ಮೆನ್’ನ ಚರಿತ್ರೆಯಲ್ಲೇ ಇದೆ. 1875ರ ಮಾರ್ಚ್ 3ರಂದು ಅದು ರಂಗಕ್ಕೆ ಬಂದ ಒಪೆರಾ ಕೊಮಿಕ್, ಗೃಹಸ್ಥರು ಸಂಸಾರ ಸಮೇತ ಬರುತ್ತಿದ್ದ ರಂಗಮಂದಿರ. ಹಾಡುಗಳ ನಡುವೆ ಅಲ್ಲಿ ಸಾದಾ ಸಂಭಾಷಣೆಯೂ ಇತ್ತು. ಸಿಗರೇಟು ಕಾರ್ಖಾನೆಯ ಹೆಣ್ಣೊಬ್ಬಳು ತನ್ನ ಇಷ್ಟದಂತೆ ಪ್ರೀತಿಸುತ್ತೇನೆ ಎಂದದ್ದು, ಕೊನೆಗೆ ಪ್ರೇಕ್ಷಕರ ಕಣ್ಣೆದುರೇ ಕೊಲೆಯಾದದ್ದು ಅವರನ್ನು ಕಂಗೆಡಿಸಿತು. ಆಡಿದ ಮಾತು ಕೂಡಲೇ ಅರ್ಥವಾದದ್ದರಿಂದಲೇ ತಾನೆ ಈ ಗಲಿಬಿಲಿ? ಮೂರೇ ತಿಂಗಳಲ್ಲಿ ಬಿಜೆ ತೀರಿಕೊಂಡ, 36ರ ವಯಸ್ಸಿನಲ್ಲಿ. ಅರ್ಥವಾಗದ ಫ್ರೆಂಚಿನಲ್ಲಿ ಅದನ್ನು ಕೇಳುವ ಲಂಡನ್ನಿನವನಿಗೆ ಸಂಗೀತ ಸಿಗುತ್ತದೆ, ಆ ಆಘಾತ ಸಿಗುವುದಿಲ್ಲ.

ಆಸ್ಕರ್ ಹ್ಯಾಮರ್‌ಸ್ಟೈನ್ ಇನ್ನೂ ಮುಂದೆ ಹೋದ. ಅವನ 1943ರ ‘ಕಾರ್ಮೆನ್ ಜೋನ್ಸ್’ನಲ್ಲಿ ಸಿಗರೇಟು ಕಾರ್ಖಾನೆ ಅಮೆರಿಕದ ಪ್ಯಾರಾಶೂಟ್ ಕಾರ್ಖಾನೆಯಾಯಿತು, ಗೂಳಿ ಕಾಳಗದ ವೀರ ಮುಷ್ಟಿಕಾಳಗದವನಾದ. ಸಂಗೀತ ಮಾತ್ರ ಬಿಜೆಯದೇ. ಇದನ್ನು ಅನುವಾದ ಎನ್ನಲು ಹಲವರು ಒಪ್ಪರು. ನನಗೇನೋ ಮೂಲದ ಬಿಸಿ ಇದರಲ್ಲಿ ಉಳಿದಿದೆ ಎನಿಸುತ್ತದೆ.

ಎಲ್ಲವನ್ನೂ ಇಂಗ್ಲಿಷಿನಲ್ಲೇ ಹಾಡುವ ವ್ರತ ತೊಟ್ಟದ್ದು ಲಂಡನ್ನಿನ ಇಂಗ್ಲಿಷ್ ನ್ಯಾಷನಲ್ ಆಪೆರಾ. ಆದರೆ 1983ರಲ್ಲಿ ಟೊರಾಂಟೊದಲ್ಲಿ ವೇದಿಕೆಯ ಮೇಲುಗಡೆ ಅನುವಾದದ ಸಾಲುಗಳನ್ನು ಮೂಡಿಸುವ ಪದ್ಧತಿ ಆರಂಭವಾದ ಮೇಲೆ ಈ ವ್ರತವೇಕೆ ಎಂಬ ಪ್ರಶ್ನೆ ಬಂತು. 2005ರಲ್ಲಿ ಆ ಸಂಸ್ಥೆಯೇ ಇಂಗ್ಲಿಷ್ ಹಾಡಿಗೆ ಇಂಗ್ಲಿಷ್ ಅಕ್ಷರಗಳನ್ನು ತೋರಿಸತೊಡಗಿತು. ಇದರಲ್ಲಿ ಗಾಯಕಿಯರ ತಪ್ಪಿಲ್ಲ. ತಾರಸ್ಥಾಯಿಯಲ್ಲಿ ‘ಆ’, ‘ಈ’, ‘ಊ’ಗಳ ಭೇದವೇ ಕಿವಿಗೆ ಅಳಿಸಿಹೋಗುತ್ತದೆ.

ಅಕ್ಷರಗಳು ಅನುಕೂಲವೇ ಸರಿ. ಆದರೆ ಗಾಯಕ ಬಾಯಿ ತೆರೆಯುವ ಮೊದಲೇ ಸಭೆ ಹಾಸ್ಯವನ್ನು ಓದಿ ನಕ್ಕುಬಿಡುತ್ತದೆ. ಹಬನೇರಾ ಮುಗಿಸಿದ ಕಾರ್ಮೆನ್ ಡಾನ್ ಜೋಸೆಯ ಮೇಲೆ ಹೂವೊಂದನ್ನು ಎಸೆಯುತ್ತಾಳೆ. ಮುಂದಿನ ದುರಂತಕ್ಕೆಲ್ಲ ಅದೇ ಬೀಜ. ಆ ಕ್ಷಣದಲ್ಲಿ ನಮ್ಮ ಕಣ್ಣು ಮೇಲಿನ ಪಟ್ಟಿಯ ಮೇಲಿರಬೇಕೋ, ಹೂವಿನ ಮೇಲಿರಬೇಕೋ?