ಬಸ್ಕಿ ಈಗ ಶಿಕ್ಷೆಯಲ್ಲ

ಶಾಲೆಯಲ್ಲಿ ಮೇಷ್ಟ್ರು ಬಸ್ಕಿ ಹೊಡೆಸಿದ್ದು ನೆನಪಿದೆಯೆ? ಅದೇ ಬಸ್ಕಿಯನ್ನು ಇವತ್ತು ಮತ್ತೆ ನಿಮ್ಮಿಂದ ಹೊಡೆಸಲು ಬಂದಿದ್ದೇನೆ. ಈ ಸಲ ಕಿವಿ ಹಿಡಿಯುವುದು ಬೇಡ, ಡಂಬೆಲ್ಸ್ ಹಿಡಿದರೆ ಸಾಕು.

ಕಾರಣ ಹೇಳುತ್ತೇನೆ. ಹೋದ ಓಣಂಗೆ ಅಮ್ಮ ಊರಿನಿಂದ ಬಂದಿದ್ದರು. ನೆಲದ ಮೇಲೆ ಚಾಪೆ ಹಾಸಿ, ಬಾಳೆಲೆ ಹಾಕಿ ಉಂಡೆವು. ಊಟ ಮುಗಿದು ಎಲ್ಲರೂ ಎದ್ದರು, ಅಮ್ಮ ಮಾತ್ರ ಏಳಲಿಲ್ಲ. “ಕಾಲು ನನ್ನ ಮಾತು ಕೇಳ್ತಿಲ್ಲ ಕಣೋ” ಅಂತ ನಕ್ಕರು. ಕೈಕೊಟ್ಟು ಎಬ್ಬಿಸಲು ಹೋದ ನಾನೂ ಗೋಡೆ ಹಿಡಿದೇ ಎದ್ದಿದ್ದೆ! ಇನ್ನೂ ಮೂವತ್ತೈದು ನನಗೆ. ದಿನವಿಡೀ ಮೈಕಿನ ಮುಂದೆ ಕುರ್ಚಿಯಲ್ಲಿ ಕೂರುವ ಕೆಲಸ.

“ನಾವು ದಿನಾ ವಾಕಿಂಗ್ ಹೋಗ್ತೀವಲ್ಲ” ಎನ್ನುತ್ತೀರಿ. ಮರೀನ್ ಡ್ರೈವಿನಲ್ಲೋ ಕನಕಕ್ಕುನ್ನಿನಲ್ಲೋ ನಡೆಯುವುದನ್ನು ಖಂಡಿತ ಬಿಡಬೇಡಿ. ಆದರೆ ನೆಲದಿಂದ ಏಳುವ ಬಲ ಬರಲು ಸ್ನಾಯುಗಳಿಗೆ ಭಾರ ಬೇಕು. ನಡಿಗೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ಇದು ನಮಗೆ ಹೊಸದೇನಲ್ಲ. ನಮ್ಮ ಗರಡಿ ಮನೆಗಳಲ್ಲಿ ಬಸ್ಕಿ ಇತ್ತು. ಇಲ್ಲಿನ ಕಳರಿಗಳಲ್ಲಿ ಇವತ್ತಿಗೂ ಮೊಣಕಾಲು ಮಡಿಸಿ, ಮೈ ತಗ್ಗಿಸಿ ನಿಲ್ಲುವುದೇ ಮೊದಲ ಪಾಠಗಳಲ್ಲೊಂದು.

ಹಾಗಾದರೆ ಶುರು ಮಾಡೋಣವೆ? ಮೊದಲ ಎರಡು ವಾರ ಬರಿಗೈಯಲ್ಲಿ ಸಾಕು. ಆಮೇಲೆ 2 ಕಿಲೋ ಡಂಬೆಲ್ಸ್ ಹಿಡಿಯಿರಿ. ಇಲ್ಲದಿದ್ದರೆ ಒಂದೊಂದು ಲೀಟರಿನ ಎರಡು ನೀರಿನ ಬಾಟಲಿ.

ಒಂದು, ಬಸ್ಕಿ. ಹಿಂದೆ ಕುರ್ಚಿ ಇಡಿ. ಒಂದು ಡಂಬೆಲ್ಲನ್ನು ಎರಡೂ ಕೈಯಲ್ಲಿ ಎದೆಗೆ ಹಿಡಿದು, ನಿಧಾನವಾಗಿ ಕುರ್ಚಿ ಮುಟ್ಟಿ ಏಳಿ. ಹಿಮ್ಮಡಿ ನೆಲ ಬಿಡಬಾರದು, ಮಂಡಿಗಳು ಒಳಕ್ಕೆ ವಾಲಬಾರದು.

ಎರಡು, ಸೊಂಟದಿಂದ ಬಾಗುವುದು. ಎರಡೂ ಕೈಯಲ್ಲಿ ತರಕಾರಿ ಚೀಲವಿದ್ದಾಗ ಬಾಗಿಲನ್ನು ಹಿಂಬದಿಯಿಂದ ತಳ್ಳಿ ಮುಚ್ಚುತ್ತೀರಲ್ಲ, ಹಾಗೆ. ಬೆನ್ನು ನೇರವಾಗಿರಲಿ, ಡಂಬೆಲ್ಸ್ ತೊಡೆಗೆ ಹತ್ತಿರವೇ ಇಳಿಯಲಿ. ತೊಡೆಯ ಹಿಂಭಾಗ ಎಳೆದಂತಾದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ.

ಮೂರು, ಮನೆಯ ಮೆಟ್ಟಿಲ ಮೊದಲ ಹಂತ ಹತ್ತಿ ಇಳಿಯುವುದು. ಒಂದು ಕೈಯಲ್ಲಿ ಭಾರ, ಇನ್ನೊಂದು ಕೈ ಕಟಕಟೆಯ ಮೇಲೆ. ನಾಲ್ಕು, ನಿಂತಲ್ಲೇ ಹಿಮ್ಮಡಿ ಎತ್ತಿ ಇಳಿಸುವುದು.

ಒಂದೊಂದನ್ನೂ 8ರಿಂದ 12 ಸಲ, ಒಂದು ನಿಮಿಷ ಬಿಡುವು, ಮತ್ತೊಂದು ಸುತ್ತು. ವಾರದಲ್ಲಿ 2 ದಿನ ಸಾಕು. ಆ ಎರಡು ದಿನ ಬೆನ್ನುಬೆನ್ನಿಗೆ ಬರದಿರಲಿ. 12 ಸಲ ಮಾಡುವುದು ಸಲೀಸಾದ ಮೇಲೆ ಒಂದು ಕಿಲೋ ಏರಿಸಿ. ಏಳುವಾಗ ಉಸಿರು ಬಿಡಿ, ಉಸಿರು ಕಟ್ಟಿ ಹಿಡಿದರೆ ರಕ್ತದೊತ್ತಡ ಏರುತ್ತದೆ. ಮಳೆಗಾಲದಲ್ಲಿ ಟೈಲ್ಸ್ ನೆಲ ಜಾರುತ್ತದೆ, ಮೊದಲು ಒರೆಸಿಕೊಳ್ಳಿ. ಎರಡು ದಿನ ತೊಡೆ ನೋವು ಬಂದರೆ ಗಾಬರಿ ಬೇಡ. ಮಂಡಿಯಲ್ಲಿ ಚುಚ್ಚುವ ನೋವು ಬಂದರೆ ಮಾತ್ರ ನಿಲ್ಲಿಸಿ. ಬಿಪಿ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಿ.

“ನಮಗೆ ವಯಸ್ಸಾಯ್ತಪ್ಪ” ಎನ್ನುವವರಿಗೆ ಒಂದು ಮಾತು. ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ತೊಂಬತ್ತರ ಆಸುಪಾಸಿನ ಕೆಲವರಿಗೆ 8 ವಾರ ಕಾಲಿನ ಭಾರ ವ್ಯಾಯಾಮ ಮಾಡಿಸಿದರು. ಅವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗೂ ಹೆಚ್ಚಾಯಿತು ಎಂದು 1990ರಲ್ಲಿ ಆ ವೈದ್ಯರು ಪ್ರಕಟಿಸಿದರು.

ಅಮ್ಮ ಊರಲ್ಲಿ ಡಂಬೆಲ್ಸ್ ಇಲ್ಲದೆ, ಬರೀ ಕುರ್ಚಿಯ ಬಸ್ಕಿ ಮಾಡುತ್ತಿದ್ದಾರೆ. ಮೊನ್ನೆ ಫೋನಿನಲ್ಲಿ ಹೇಳಿದರು: “ಇವತ್ತು ದೇವರ ಮುಂದೆ ಕೂತು ನಾನೇ ಎದ್ದೆ. ಒಂದು ಕೈ ಊರಿದೆ ಅಷ್ಟೆ.” ಇನ್ನೊಂದು ಓಣಂಗೆ ನಾವಿಬ್ಬರೂ ಕೈ ಊರದೆ ಏಳಬೇಕೆಂದು ಪಂದ್ಯ ಕಟ್ಟಿದ್ದೇವೆ. ನೀವೂ ಮನೆಯವರೊಡನೆ ಪಂದ್ಯ ಕಟ್ಟಿ.